ಮೂವತ್ತು ಗ್ರಾಂ ತಾಮ್ರದ ನಾದ

ದಾವಣಗೆರೆಯಲ್ಲಿ ಮೋಟಾರು ಸುಟ್ಟರೆ ಯಾರೂ ಅದನ್ನು ಗುಜರಿಗೆ ಹಾಕುವುದಿಲ್ಲ. ಭದ್ರಾ ನಾಲೆಯ ಬಯಲಿನ ಪಂಪ್‌ಸೆಟ್ ಇರಲಿ, ಮನೆಯ ಫ್ಯಾನೇ ಇರಲಿ, ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ. ಅಲ್ಲಿ ಕಪ್ಪಿಟ್ಟ ಕಾಯಿಲ್ ಕಿತ್ತು, ಸುತ್ತು ಎಣಿಸಿ, ಗೇಜು ಅಳೆದು, ಹೊಸ ತಂತಿ ಕಟ್ಟಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುತ್ತಾರೆ. ಅದೇ ಊರಿನ ಪಿ.ಜೆ. ಬಡಾವಣೆಯಲ್ಲಿ ಗಿಟಾರ್ ಕಲಿಯುವ ಹುಡುಗನಿಗೆ ತನ್ನ ಎಲೆಕ್ಟ್ರಿಕ್ ಗಿಟಾರಿನ ದನಿ ಹಿಡಿಸದೇ ಹೋದರೆ ಅವನು ಮೊದಲು ತೆರೆಯುವುದು ಮೊಬೈಲಿನ ಶಾಪಿಂಗ್ ಆ್ಯಪ್. ಹೊಸ ಪಿಕಪ್‌ಗೆ ಸಾವಿರಾರು ರೂಪಾಯಿ. ವಿದೇಶದ ಹೆಸರಿದ್ದರೆ ಹತ್ತು ಸಾವಿರ ದಾಟುವುದೂ ಉಂಟು.

ಗಿಟಾರಿನ ತಂತಿಯ ಕಂಪನವನ್ನು ಹಿಡಿಯುವ ಈ ಪಿಕಪ್ ಕೂಡ ಒಂದು ಕಾಯಿಲ್. ಅದರ ಗುಣ ಯಾವುದರಿಂದ ಬರುತ್ತದೆ, ಯಾವುದನ್ನು ಮುಟ್ಟಿದರೆ ದನಿ ಎತ್ತ ತಿರುಗುತ್ತದೆ ಎಂಬುದು ಗೊತ್ತಾದರೆ, ಖರೀದಿಗೆ ಮುನ್ನ ಮಾಡಬಹುದಾದ ಕೆಲಸಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ಆ ಪಟ್ಟಿಯಲ್ಲಿ ಮೊದಲ ಕೆಲಸಕ್ಕೆ ಬೇಕಾಗಿರುವುದು ಒಂದು ಸ್ಕ್ರೂ ಡ್ರೈವರ್ ಮಾತ್ರ.

ತಂತಿ ಕಂಪಿಸಿದಾಗ

ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇಲ್ಲಿಯೂ ಕೆಲಸ ಮಾಡುವುದು. ಕಾಯಿಲ್‌ನೊಳಗೆ ಹಾದುಹೋಗುವ ಅಯಸ್ಕಾಂತದ ಬಲ ಏರಿಳಿದರೆ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಗಿಟಾರಿನ ಪಿಕಪ್‌ನಲ್ಲಿ ಆರು ತಂತಿಗಳ ಕೆಳಗೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ಕಾಯಿಲ್. ಮೇಲಿನ ಉಕ್ಕಿನ ತಂತಿಯೂ ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕು ತಾನೂ ಪುಟ್ಟ ಅಯಸ್ಕಾಂತವಾಗುತ್ತದೆ. ಅದನ್ನು ಮೀಟಿದಾಗ ಕ್ಷೇತ್ರ ಅಲುಗುತ್ತದೆ, ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಡಿಮೆಯ ಸಂಕೇತ ಹುಟ್ಟುತ್ತದೆ. ಆಂಪ್ಲಿಫೈಯರ್ ಹಿಗ್ಗಿಸುವುದು ಅದನ್ನೇ. ನೈಲಾನ್ ತಂತಿಯ ಗಿಟಾರಿಗೆ ಈ ಪಿಕಪ್ ಕೂರಿಸಿದರೆ ಸದ್ದೇ ಬರದು. ವೀಣೆಗೆ ಕೂರಿಸಿದರೆ ಉಕ್ಕಿನ ಸಾರಣಿ ಕೇಳುತ್ತದೆ, ಮಂದ್ರದ ಹಿತ್ತಾಳೆ ತಂತಿ ಮೂಕವಾಗುತ್ತದೆ. ವೀಣೆ, ಪಿಟೀಲುಗಳಿಗೆ ಕಂಪನವನ್ನು ನೇರವಾಗಿ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕೆನ್‌ಬ್ಯಾಕರ್ ಜೋಡಿ 1931ರಲ್ಲಿ ಕುದುರೆಲಾಳದ ಅಯಸ್ಕಾಂತವಿಟ್ಟು ಇಂಥ ಪಿಕಪ್‌ನ ಹವಾಯಿಯನ್ ಗಿಟಾರ್ ಮಾಡಿತು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅಂದಿನಿಂದ ಇಂದಿನವರೆಗೆ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ: ಅಯಸ್ಕಾಂತ, ಬಾಬಿನ್, ಎನಾಮಲ್ ಹೊದಿಕೆಯ ತಾಮ್ರದ ತಂತಿ.

ಆ ತಂತಿಯ ಲೆಕ್ಕ ಮಾತ್ರ ಬೆರಗು ಹುಟ್ಟಿಸುವಂಥದ್ದು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್) ಗಿಟಾರಿನ ಮಾದರಿಯ ಪಿಕಪ್‌ನಲ್ಲಿ ಸುಮಾರು 8,000 ಸುತ್ತು. ತಂತಿಯ ದಪ್ಪ 0.063 ಮಿಲಿಮೀಟರ್, ಅಂದರೆ ಅಮೆರಿಕದ 42 ಗೇಜು. ನಮ್ಮ ಅಂಗಡಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ 46 ಎಸ್‌ಡಬ್ಲ್ಯುಜಿ. ಬಿಚ್ಚಿ ಹಾಸಿದರೆ ಒಂದು ಕಿಲೋಮೀಟರು ಮೀರುತ್ತದೆ. ತೂಗಿದರೆ ಸುಮಾರು 30 ಗ್ರಾಂ. ತಂತಿಯನ್ನು ಕಿಲೋ ಲೆಕ್ಕದಲ್ಲಿ ತರುವ ರಿವೈಂಡಿಂಗ್ ಅಂಗಡಿಯವರಿಗೆ ಒಂದು ಕಿಲೋದಲ್ಲಿ ಮೂವತ್ತು ಪಿಕಪ್ ಆಗುತ್ತದೆ.

ದನಿಗೊಂದು ಶಿಖರ

ಪಿಕಪ್ ಎಲ್ಲ ಸ್ವರಾಂಶಗಳನ್ನೂ ಸಮನಾಗಿ ಕೇಳಿಸಿಕೊಳ್ಳುವುದಿಲ್ಲ. ಅಷ್ಟು ಸುತ್ತಿನ ಕಾಯಿಲ್‌ಗೆ ಇಂಡಕ್ಟೆನ್ಸ್ ಇರುತ್ತದೆ, ಸುತ್ತುಗಳ ನಡುವೆ ಒಂದಿಷ್ಟು ಕೆಪಾಸಿಟೆನ್ಸೂ ಇರುತ್ತದೆ. ಇವೆರಡೂ ಸೇರಿ ಒಂದು ಆವರ್ತಾಂಕದಲ್ಲಿ ಅನುರಣನಗೊಳ್ಳುತ್ತವೆ. ಅಲ್ಲಿ ದನಿ ಎದ್ದು ನಿಲ್ಲುತ್ತದೆ, ಅದರ ಮೇಲಿನದೆಲ್ಲ ಕುಸಿಯುತ್ತದೆ. ಗಿಟಾರಿಗರು ‘ಮಿಂಚಿನ ದನಿ’, ‘ದಪ್ಪ ದನಿ’, ‘ಮೂಗಿನ ದನಿ’ ಎಂದು ಹೇಳುವುದರ ಬಹುಪಾಲು ಈ ಶಿಖರ ಎಲ್ಲಿದೆ, ಎಷ್ಟು ಚೂಪಾಗಿದೆ ಎಂಬುದೇ.

ಇಲ್ಲಿ ಬಹಳ ಜನ ಮರೆಯುವ ವಿಷಯವೊಂದಿದೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಕೂಡ ಒಂದು ಕೆಪಾಸಿಟರ್. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಸ್ಟ್ರಾಟ್ ಮಾದರಿಯ ಪಿಕಪ್‌ನ ಇಂಡಕ್ಟೆನ್ಸ್ 2.4 ಹೆನ್ರಿ ಎಂದುಕೊಂಡು ಕಾಯಿಲ್‌ನ ಒಳ ಕೆಪಾಸಿಟೆನ್ಸನ್ನೂ ಸೇರಿಸಿ 5 ಮೀಟರ್ ಕೇಬಲ್‌ನೊಂದಿಗೆ ಲೆಕ್ಕ ಹಾಕಿದರೆ ಶಿಖರ 4,100 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಅದೇ ಗಿಟಾರಿಗೆ 10 ಮೀಟರ್ ಕೇಬಲ್ ಸಿಕ್ಕಿಸಿ, ಶಿಖರ 3,100ಕ್ಕೆ ಇಳಿಯುತ್ತದೆ. ಎರಡು ಕಾಯಿಲ್‌ಗಳ ದಪ್ಪ ದನಿಯ ಪಿಕಪ್‌ಗೆ 5 ಮೀಟರ್ ಕೇಬಲ್‌ನಲ್ಲಿ ಇರುವ ಶಿಖರವೂ ಸುಮಾರು ಅಲ್ಲೇ.

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಇದನ್ನು ಕಿವಿಯಾರೆ ಕೇಳಬಹುದು. ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಹಾಡು ಬಂತೆಂದರೆ ಗಿಟಾರಿಗನಿಗೆ ಹುರುಪು. ಮಿಕ್ಸರ್ ಇರುವುದು ವೇದಿಕೆಯ ಇನ್ನೊಂದು ಮೂಲೆಯಲ್ಲಿ. ನಡುವೆ ಉದ್ದದ ಕೇಬಲ್. ಮನೆಯಲ್ಲಿ ಗರಿಗರಿಯಾಗಿದ್ದ ದನಿ ಪೆಂಡಾಲಿನಲ್ಲಿ ಮಂಕಾಗುತ್ತದೆ. ಅಲ್ಲಿ ಪಿಕಪ್‌ನ ತಪ್ಪೇನೂ ಇಲ್ಲ. ಪಿಕಪ್ ಬದಲಿಸಲು ಹೊರಟವರು ಮೊದಲು ಚಿಕ್ಕ ಕೇಬಲ್ ಹಾಕಿ ನೋಡಲಿ. ಉದ್ದ ಬೇಕೇ ಬೇಕೆಂದರೆ ಗಿಟಾರಿನ ಹತ್ತಿರವೇ ಬಫರ್ ಎಂಬ ಪುಟ್ಟ ಸರ್ಕ್ಯೂಟ್ ಇಟ್ಟುಕೊಳ್ಳಲಿ.

ಎರಡು ಸ್ಕ್ರೂಗಳ ಕೆಲಸ

ಪಿಕಪ್‌ನ ಎರಡೂ ತುದಿಗಳಲ್ಲಿ ಒಂದೊಂದು ಸ್ಕ್ರೂ ಇರುತ್ತದೆ. ತಿರುಗಿಸಿದರೆ ಪಿಕಪ್ ಏರುತ್ತದೆ, ಇಳಿಯುತ್ತದೆ. ತಂತಿಗೆ ಹತ್ತಿರವಾದಷ್ಟೂ ಸದ್ದು ಜೋರು, ಮೀಟಿನ ಹೊಡೆತ ಚುರುಕು. ತೀರ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಹಿಡಿಯುತ್ತದೆ. ದಪ್ಪ ತಂತಿಯನ್ನು ಮೇಲಿನ ಮನೆಗಳಲ್ಲಿ ಒತ್ತಿದಾಗ ಒಂದೇ ಸ್ವರ ಎರಡಾಗಿ ತೊನೆಯುತ್ತದೆ, ಶ್ರುತಿ ಕೂಡುವುದೇ ಇಲ್ಲ. ಅದನ್ನು ಶ್ರುತಿಯ ದೋಷವೆಂದು ತಿಳಿದು ಬ್ರಿಡ್ಜ್ ತಿರುವುತ್ತ ಕೂರುವವರು ಎಷ್ಟೋ ಮಂದಿ.

ಸ್ಟ್ರಾಟ್ ಮಾದರಿಗೆ ಒಂದು ಆರಂಭದ ಅಳತೆ: ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ಕಡ್ಡಿಯ ನೆತ್ತಿಯಿಂದ ತಂತಿಯ ಅಡಿಗೆ ದಪ್ಪ ತಂತಿಯ ಕಡೆ 2 ಮಿಲಿಮೀಟರ್, ಸಣ್ಣ ತಂತಿಯ ಕಡೆ 1.6 ಮಿಲಿಮೀಟರ್ ಬಿಡುವುದು. ಅಲ್ಲಿಂದ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ಮಾಡುತ್ತ ಕಿವಿಗೆ ಒಪ್ಪುವಲ್ಲಿ ನಿಲ್ಲಿಸಬೇಕು. ಈ ಕೆಲಸಕ್ಕೆ ಖರ್ಚಿಲ್ಲ, ಕೆಡುವುದೂ ಏನಿಲ್ಲ. ಹಾಗಿದ್ದೂ ಅಂಗಡಿಯಿಂದ ತಂದ ಗಿಟಾರಿನಲ್ಲಿ ಆ ಸ್ಕ್ರೂಗಳನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು.

473 ಮತ್ತು 223

ಮುಂದಿನ ಹಂತಕ್ಕೆ ಸೋಲ್ಡರಿಂಗ್ ಐರನ್ ಬೇಕು. ಗಿಟಾರಿನ ವಾಲ್ಯೂಮ್ ಮತ್ತು ಟೋನ್ ಗುಬುಟುಗಳ ಕೆಳಗಿರುವುದು ಹಳೆಯ ರೇಡಿಯೊ, ಟೇಪ್‌ರೆಕಾರ್ಡರ್‌ಗಳಲ್ಲಿದ್ದ ಅದೇ ಜಾತಿಯ ಕಂಟ್ರೋಲ್. ಗುಬುಟನ್ನು ಪೂರ್ತಿ ತೆರೆದಿದ್ದರೂ ಅದು ಸುಮ್ಮನಿರುವುದಿಲ್ಲ. ಪಿಕಪ್‌ನ ಮೇಲೆ ಹೊರೆಯಾಗಿ ಕೂತು ಶಿಖರವನ್ನು ಮೊಂಡಾಗಿಸುತ್ತದೆ. ಒಂಟಿ ಕಾಯಿಲ್ ಪಿಕಪ್‌ಗೆ ರೂಢಿಯಲ್ಲಿ 250 ಕಿಲೋ ಓಮ್, ಜೋಡಿ ಕಾಯಿಲ್‌ಗೆ 500 ಕಿಲೋ ಓಮ್. ಮಂಕು ಗಿಟಾರಿನಲ್ಲಿ 250 ತೆಗೆದು 500 ಹಾಕಿದರೆ ಮೇಲಿನ ಸ್ವರಾಂಶಗಳು ತೆರೆದುಕೊಳ್ಳುತ್ತವೆ. ಕಿವಿಗೆ ಚುಚ್ಚುವ ಗಿಟಾರಿನಲ್ಲಿ ಇದನ್ನೇ ತಿರುಗಿಸಿ ಮಾಡಿದರೆ ಚೂಪು ಇಳಿಯುತ್ತದೆ. ಕೊಳ್ಳುವಾಗ ‘ಎ’ ಗುರುತಿನದನ್ನು, ಅಂದರೆ ಲಾಗ್ ಮಾದರಿಯದನ್ನು ಕೇಳಿ ತೆಗೆದುಕೊಳ್ಳಬೇಕು. ‘ಬಿ’ ಗುರುತಿನ ಲೀನಿಯರ್ ಹಾಕಿದರೆ ಗುಬುಟು ತಿರುಗಿಸಿದಾಗ ಸದ್ದು ಕಿವಿಗೆ ಹದವಾಗಿ ಏರಿಳಿಯುವುದಿಲ್ಲ.

ಟೋನ್ ಗುಬುಟಿನ ಜೊತೆಗಿರುವ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 473 ಅಥವಾ 223 ಎಂದಿರುತ್ತದೆ. ಮೊದಲನೆಯದು 0.047 ಮೈಕ್ರೋಫ್ಯಾರಡ್, ಎರಡನೆಯದು 0.022. ಟೋನ್ ಪೂರ್ತಿ ಮುಚ್ಚಿದಾಗ ಶಿಖರ ಎಲ್ಲಿಗೆ ಇಳಿಯಬೇಕೆಂದು ತೀರ್ಮಾನಿಸುವುದು ಇದೇ. ನಮ್ಮ ಲೆಕ್ಕದ ಪಿಕಪ್‌ನಲ್ಲಿ 473 ಇದ್ದರೆ ಅದು 470 ಹರ್ಟ್ಸ್‌ ಹತ್ತಿರಕ್ಕೆ ಹೋಗಿ ದನಿ ಹೂತುಹೋಗುತ್ತದೆ. 223 ಇದ್ದರೆ 690 ಹರ್ಟ್ಸ್‌ ಆಸುಪಾಸಿನಲ್ಲಿ ನಿಂತು ಇನ್ನೂ ಹಾಡುವಂತಿರುತ್ತದೆ. ಎಣ್ಣೆ ಕಾಗದದ ಹಳೇ ಕೆಪಾಸಿಟರ್‌ಗೆ ವಿಶೇಷ ನಾದವಿದೆ ಎಂದು ಸಾವಿರಗಟ್ಟಲೆ ಹಣ ಕೊಡುವವರಿದ್ದಾರೆ. ಈ ಜಾಗದಲ್ಲಿ ಲೆಕ್ಕಕ್ಕೆ ಬರುವುದು ಮೌಲ್ಯವೇ ಹೊರತು ಹೊದಿಕೆಯ ಬಣ್ಣವಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪಾಲಿಯೆಸ್ಟರ್ ಕೆಪಾಸಿಟರ್ ಸಾಕು.

ವಾಲ್ಯೂಮ್ ಇಳಿಸಿದ ಕೂಡಲೇ ದನಿ ಮಂಕಾಗುವ ದೂರು ಇನ್ನೊಂದು. ವಾಲ್ಯೂಮ್ ಕಂಟ್ರೋಲಿನ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ ಸುಮಾರು 1 ನ್ಯಾನೋಫ್ಯಾರಡ್‌ನ ಪುಟ್ಟ ಕೆಪಾಸಿಟರ್, ಜೊತೆಗೆ ನೂರೈವತ್ತು ಕಿಲೋ ಓಮ್ ಆಸುಪಾಸಿನ ರೆಸಿಸ್ಟರ್ ಕೂರಿಸಿದರೆ ಮೇಲಿನ ಸ್ವರಾಂಶಗಳು ಉಳಿದುಕೊಳ್ಳುತ್ತವೆ.

ಎರಡು ಕಾಯಿಲ್‌ಗಳ ಹೊಂದಾಣಿಕೆ

ಒಂಟಿ ಕಾಯಿಲ್ ತಂತಿಯ ಕಂಪನವನ್ನಷ್ಟೇ ಅಲ್ಲ, ಸುತ್ತಲಿನ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಸೀರಿಯಲ್ ಲೈಟು, ಡಿಮ್ಮರು, ಜನರೇಟರುಗಳ ನಡುವೆ ನಿಂತ ಪೆಂಡಾಲ್ ಗಿಟಾರಿಗನಿಗೆ ಈ ಕಾಟ ಚೆನ್ನಾಗಿ ಗೊತ್ತು. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಇದಕ್ಕೆ ಉತ್ತರ. ಪಕ್ಕಪಕ್ಕದಲ್ಲಿ ಎರಡು ಕಾಯಿಲ್. ಒಂದರ ಅಯಸ್ಕಾಂತದ ಧ್ರುವ ಇನ್ನೊಂದಕ್ಕೆ ಉಲ್ಟಾ, ಸುತ್ತಿನ ದಿಕ್ಕೂ ಉಲ್ಟಾ. ಎರಡು ಸಲ ಉಲ್ಟಾ ಆದ ತಂತಿಯ ಸಂಕೇತ ಕೂಡಿಕೊಳ್ಳುತ್ತದೆ. ಅಯಸ್ಕಾಂತಕ್ಕೆ ಸಂಬಂಧವೇ ಇಲ್ಲದ ಹೊರಗಿನ ಗುಂಯ್‌ಗಾಟ ಒಂದೇ ಸಲ ಉಲ್ಟಾ ಆಗಿ ಪರಸ್ಪರ ಕಳೆದುಹೋಗುತ್ತದೆ.

ಈ ಎರಡು ಕಾಯಿಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿದರೆ ದಪ್ಪ, ಜೋರು ದನಿ. ಪಿಕಪ್‌ನಿಂದ ನಾಲ್ಕು ತಂತಿ ಹೊರಬಂದಿದ್ದರೆ ಅವನ್ನೇ ಸಮಾನಾಂತರವಾಗಿ ಜೋಡಿಸಬಹುದು. ಆಗ ಇಂಡಕ್ಟೆನ್ಸ್ ಸುಮಾರು ಕಾಲು ಭಾಗಕ್ಕೆ ಇಳಿದು ದನಿ ತಿಳಿಯಾಗುತ್ತದೆ. ಗುಂಯ್‌ಗಾಟದಿಂದ ರಕ್ಷಣೆಯೂ ಉಳಿಯುತ್ತದೆ. ಒಂದು ಕಾಯಿಲ್ ಮಾತ್ರ ಬಳಸಿದರೆ ಒಂಟಿ ಕಾಯಿಲ್ ದನಿ ಬರುತ್ತದೆ, ಜೊತೆಗೆ ಅದರ ಗುಂಯ್‌ಗಾಟವೂ ಮರಳುತ್ತದೆ. ಇಷ್ಟಕ್ಕೆ ಬೇಕಾದದ್ದು ಒಂದು ಪುಟ್ಟ ಸ್ವಿಚ್ಚು.

ಸ್ವಿಚ್ಚಿನ ಮಹಿಮೆ ಎಂಥದ್ದು ಎಂಬುದಕ್ಕೆ ಸ್ಟ್ರಾಟ್‌ನ ಇತಿಹಾಸವೇ ಸಾಕ್ಷಿ. ಮೂರು ಪಿಕಪ್‌ಗಳ ಆ ಗಿಟಾರಿಗೆ ಮೊದಲು ಇದ್ದದ್ದು ಮೂರು ಸ್ಥಾನಗಳ ಸ್ವಿಚ್. ವಾದಕರು ಅದನ್ನು ಎರಡು ಸ್ಥಾನಗಳ ಸಂದಿಯಲ್ಲಿ ಹುಷಾರಾಗಿ ನಿಲ್ಲಿಸಿ ಎರಡು ಪಿಕಪ್‌ಗಳನ್ನು ಒಟ್ಟಿಗೆ ನುಡಿಸತೊಡಗಿದರು. ಆ ದನಿ ಎಷ್ಟು ಜನಪ್ರಿಯವಾಯಿತೆಂದರೆ ಕಂಪನಿಯೇ 1977ರಲ್ಲಿ ಐದು ಸ್ಥಾನಗಳ ಸ್ವಿಚ್ ಕೊಡಬೇಕಾಯಿತು. ಇಷ್ಟಕ್ಕೆ ಯಾರೂ ಕಾಯಿಲ್ ಮುಟ್ಟಿರಲಿಲ್ಲ.

ಸುತ್ತು ಬಿಚ್ಚಿ ಕಟ್ಟುವಾಗ

ಇಷ್ಟೆಲ್ಲ ಮಾಡಿಯೂ ಒಪ್ಪದಿದ್ದರೆ, ಅಥವಾ ಪಿಕಪ್ ಸತ್ತೇ ಹೋಗಿದ್ದರೆ, ಕಾಯಿಲ್‌ಗೆ ಕೈ ಹಾಕಬಹುದು. ಮಲ್ಟಿಮೀಟರ್ ಹಿಡಿದರೆ ಸ್ಟ್ರಾಟ್ ಮಾದರಿಗೆ 6 ಕಿಲೋ ಓಮ್, ಹಂಬಕರಿಗೆ 8 ಕಿಲೋ ಓಮ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ. ಹೆಚ್ಚಿನ ಸಲ ಅದು ಹೊರತುದಿಯ ಬೆಸುಗೆಯ ಬಳಿ ಕಡಿದಿರುತ್ತದೆ. ಒಂದೆರಡು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಮುಗಿಯಿತು.

ನನ್ನ ಬಳಿಯಿದ್ದ ಒಂದು ಪಿಕಪ್ ಒಳಗೇ ಕಡಿದಿತ್ತು. ಫ್ಯಾನು, ಮಿಕ್ಸಿ ಕಟ್ಟುವ ಪರಿಚಯದವರ ಮುಂದೆ ಅದನ್ನಿಟ್ಟಾಗ ಅವರು ಕನ್ನಡಕ ಮೇಲೆತ್ತಿ, ತುದಿಯನ್ನು ಬೆಳಕಿಗೆ ಹಿಡಿದು, ‘ಇದು ತಂತಿನೋ ಕೂದ್ಲೋ ಸಾರ್?’ ಎಂದರು. ಅವರ ಕೈ ಪಳಗಿದ್ದು 36ರ ಗೇಜಿನಲ್ಲಿ. 46ರ ತಂತಿಗೆ ನೂರು ಗ್ರಾಂ ತೂಕ ನೇತುಹಾಕಿದರೂ ತುಂಡಾಗುತ್ತದೆ. ಅವರ ಯಂತ್ರದ ಸ್ಪ್ರಿಂಗು ಹಿಡಿಯುವ ಬಿಗಿಗೆ ಅದು ಸುತ್ತು ಸುತ್ತಿಗೂ ಕಡಿಯಿತು. ಕೊನೆಗೆ ಸ್ಪ್ರಿಂಗನ್ನೇ ಕಳಚಿ, ತಂತಿಯನ್ನು ಫೆಲ್ಟ್ ಬಟ್ಟೆಯ ಎರಡು ತುಂಡುಗಳ ನಡುವೆ ಹಾಯಿಸಿ, ಬೆರಳಿನಲ್ಲೇ ಬಿಗಿ ನೋಡಿಕೊಳ್ಳುತ್ತ ಕಟ್ಟಿದರು. ಮುರಿದಿದ್ದ ಬಾಬಿನ್ ತಟ್ಟೆಗೆ ಹೈಲಮ್ ಶೀಟ್ ಕತ್ತರಿಸಿ ಕೂರಿಸಿದರು. ಆ ಪಿಕಪ್ ಈಗಲೂ ನುಡಿಯುತ್ತಿದೆ.

ಅವರಿಂದ ತಿಳಿದ ಒಂದು ಸೂಕ್ಷ್ಮ ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು. ಮೋಟಾರಿನ ತಂತಿಯ ಎನಾಮಲನ್ನು ಬ್ಲೇಡಿನಿಂದ ಕೆರೆದು ಬೆಸೆಯುತ್ತಾರೆ. ಇಷ್ಟು ಸಣ್ಣ ತಂತಿಯನ್ನು ಕೆರೆದರೆ ತಾಮ್ರವೇ ಹೋಗುತ್ತದೆ. ಐರನ್ನಿನ ಬಿಸಿಗೆ ತಾನೇ ಸುಟ್ಟು ಬಿಡುವ ಪಾಲಿಯುರಿಥೇನ್ ಹೊದಿಕೆಯ ತಂತಿಯನ್ನೇ ಕೇಳಿ ತರಬೇಕು.

ಸುತ್ತು ಹೆಚ್ಚಿಸಿದರೆ ಏನಾಗುತ್ತದೆ? ಇಂಡಕ್ಟೆನ್ಸ್ ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುತ್ತು ಶೇಕಡಾ 10ರಷ್ಟು ಹೆಚ್ಚಿದರೆ ಇಂಡಕ್ಟೆನ್ಸ್ ಶೇಕಡಾ 21ರಷ್ಟು ಹೆಚ್ಚುತ್ತದೆ, ಶಿಖರ ಸುಮಾರು ಶೇಕಡಾ 9ರಷ್ಟು ಕೆಳಗಿಳಿಯುತ್ತದೆ. ಸದ್ದು ಜೋರು, ದನಿ ದಪ್ಪ. ಸುತ್ತು ಇಳಿಸಿದರೆ ಸದ್ದು ಮೆತ್ತಗೆ, ದನಿ ತಿಳಿ. ಅಯಸ್ಕಾಂತದ ಬಲವೂ ಸೇರಿಕೊಳ್ಳುತ್ತದೆ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಆಲ್ನಿಕೊದಲ್ಲಿ 2ನೆಯ ದರ್ಜೆಗಿಂತ 5ನೆಯದು ಬಲವಾದದ್ದು, ಮೀಟು ಹೆಚ್ಚು ಗಡುಸು.

ಓಮ್ ಹೆಚ್ಚಿದ್ದರೆ ಪಿಕಪ್ ಜೋರು ಎಂಬ ನಂಬಿಕೆ ಮಾತ್ರ ಅರ್ಧ ನಿಜ. ಅಷ್ಟೇ ಸುತ್ತನ್ನು ಇನ್ನೂ ಸಣ್ಣ ತಂತಿಯಲ್ಲಿ ಕಟ್ಟಿದರೂ ಓಮ್ ಏರುತ್ತದೆ, ಸದ್ದು ಏರುವುದಿಲ್ಲ. ತಾಮ್ರದ ರೋಧ ಉಷ್ಣಾಂಶದ ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಹೆಚ್ಚುತ್ತದೆ. ಜನವರಿಯ ಮುಂಜಾವು 20 ಡಿಗ್ರಿಯಲ್ಲಿ 6.0 ಕಿಲೋ ಓಮ್ ತೋರಿಸಿದ ಪಿಕಪ್, ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ 6.4 ತೋರಿಸುತ್ತದೆ. ಪಿಕಪ್ ಅದೇ, ದನಿಯೂ ಹೆಚ್ಚುಕಡಿಮೆ ಅದೇ.

ಕಾಯಿಲ್ ಸಡಿಲವಾಗಿದ್ದರೆ ಸುತ್ತುಗಳೇ ಅದುರಿ ದೊಡ್ಡ ಸದ್ದಿನಲ್ಲಿ ಕೀರಲು ಶುರುಮಾಡುತ್ತವೆ. ಮೋಟಾರಿಗೆ ವಾರ್ನಿಷ್ ಕುಡಿಸುವಂತೆ ಇದಕ್ಕೆ ಮೇಣ ಕುಡಿಸಬೇಕು: ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, 60ರಿಂದ 65 ಡಿಗ್ರಿ ಶಾಖ. ಪಾತ್ರೆಯನ್ನು ನೇರ ಒಲೆಯ ಮೇಲಿಡದೆ ಬಿಸಿನೀರಿನೊಳಗೆ ಇಡಬೇಕು. ಶಾಖ ಮೀರಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ, ಮೇಣ ಹೊತ್ತಿಕೊಳ್ಳುವ ಅಪಾಯವೂ ಇದೆ. ಎಡ್ಡಿ ವ್ಯಾನ್ ಹೇಲನ್ ತನ್ನ ಬಿಡಿಭಾಗಗಳ ಗಿಟಾರಿಗೆ ಹಳೆಯ ಗಿಬ್ಸನ್ ಹಂಬಕರನ್ನು ಮೇಣದಲ್ಲಿ ಅದ್ದಿ ಕೂರಿಸಿದ್ದ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ತಂದೆಯೊಂದಿಗೆ ಮನೆಯಲ್ಲೇ ಕಟ್ಟಲು ತೊಡಗಿದ ಗಿಟಾರಿನ ಪಿಕಪ್‌ಗಳಿಗೆ ತುಂಬಿದ್ದು ಅರಾಲ್ಡೈಟ್. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬಿನಲ್ಲಿ ಸಿಗುವ ಅದೇ ಅಂಟು. ಒಂದೇ ಎಚ್ಚರಿಕೆ: ಅರಾಲ್ಡೈಟ್ ತುಂಬಿದ ಕಾಯಿಲನ್ನು ಮತ್ತೆ ಬಿಚ್ಚಲಾಗದು.

ಕೈಗಳಿಗೆ ಇಲ್ಲಿ ಬರವಿಲ್ಲ

ವಾದ್ಯವನ್ನು ತಮ್ಮ ಸಂಗೀತಕ್ಕೆ ಬಗ್ಗಿಸಿಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡರು. ಆಂಧ್ರದ ಯು. ಶ್ರೀನಿವಾಸ್ ಜೋಡಿ ತಂತಿಗಳ ಮ್ಯಾಂಡೊಲಿನ್ ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು.

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆಯ ಗೇಟು ಮುಚ್ಚಿ ವರ್ಷಗಳಾದರೂ ಲೇತ್ ಬಲ್ಲವರು, ಕಾಯಿಲ್ ಕಟ್ಟುವವರು, ರೇಡಿಯೊ ರಿಪೇರಿಯ ಹಳೇ ತಲೆಗಳು ಎರಡೂ ಊರುಗಳಲ್ಲಿ ಇದ್ದಾರೆ. 1951ರಲ್ಲಿ ಶುರುವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜೂ ಇಲ್ಲಿದೆ; ಇಂಡಕ್ಟೆನ್ಸ್ ಲೆಕ್ಕ ಕಲಿಯುವ ಹುಡುಗರಿಗೆ ಪಿಕಪ್‌ಗಿಂತ ರುಚಿಯಾದ ಪ್ರಯೋಗ ಸಿಗುವುದು ಕಷ್ಟ. ಇವರಿಗೂ ಗಿಟಾರಿಗರಿಗೂ ನಡುವೆ ಮಾತುಕತೆ ಇಲ್ಲದಿರುವುದೇ ಕೊರತೆ.

ಕೆಲಸ ಶುರುಮಾಡುವವರಿಗೆ ಎರಡು ಮಾತು. ಗಿಟಾರಿನ ತಂತಿಗಳನ್ನು ಗ್ರೌಂಡಿಗೆ ಜೋಡಿಸುವ ವೈರನ್ನು ಯಾವ ಕಾರಣಕ್ಕೂ ಕತ್ತರಿಸಿ ಬಿಡಬೇಡಿ. ಪೆಂಡಾಲಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ನೋಡದೆ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಬೇಡಿ. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಶಾಕ್ ಹೊಡೆಯುತ್ತದೆ, ಪ್ರಾಣಕ್ಕೂ ಕುತ್ತು.

ಇನ್ನು ಕೆಲಸದ ಕ್ರಮ: ಮೊದಲು ಎತ್ತರ, ಆಮೇಲೆ ಕೇಬಲ್, ಆಮೇಲೆ ಕಂಟ್ರೋಲ್ ಮತ್ತು ಕೆಪಾಸಿಟರ್, ಆಮೇಲೆ ಸ್ವಿಚ್ಚು, ಎಲ್ಲಕ್ಕಿಂತ ಕೊನೆಗೆ ಕಾಯಿಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮುಂಚೆಯೂ ಆಮೇಲೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ತೆಗೆದ ಬಿಡಿಭಾಗಗಳನ್ನು ಎಸೆಯಬೇಡಿ. ಹೊಸ ಪಿಕಪ್ ಬೇಕೇ ಎಂಬ ಪ್ರಶ್ನೆಯನ್ನು ಇಷ್ಟೂ ಮುಗಿದ ಮೇಲೆ ಕೇಳಿಕೊಂಡರೆ ಸಾಕು. ಹೆಚ್ಚಿನವರಿಗೆ ಬೇಡ ಎಂಬ ಉತ್ತರವೇ ಬರುತ್ತದೆ.